ಒಂದು ಕೈ ತಡವಾಗಿ ಬರುತ್ತದೆ

ದಾವಣಗೆರೆ ಬಿಟ್ಟು ಡಲ್ಲಾಸ್ ಪಕ್ಕದ ಊರಿಗೆ ಬಂದಾಗ ನನಗೆ 12 ವರ್ಷ. ಎರಡು ವರ್ಷದ ನಂತರ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದೆ. ಕೋಚ್ ನನ್ನ ಗಾತ್ರ ನೋಡಿ ಮುಂದಿನ ಐವರ ಸಾಲಿನ ಮಧ್ಯದಲ್ಲಿ ನಿಲ್ಲಿಸಿದರು. ನಾನು ಸೆಂಟರ್.

ಮೊದಲ ಪಂದ್ಯ ನೋಡಿದ ಅಮ್ಮ ಮನೆಗೆ ಬರುವ ದಾರಿಯಲ್ಲಿ ಕೇಳಿದ್ದಳು, "ಚೆಂಡು ಮೊದ್ಲು ನಿನ್ ಕೈಯಲ್ಲೇ ಇರುತ್ತಲ್ಲೋ, ನೀನೇ ಎತ್ಕೊಂಡು ಓಡಬಾರ್ದಾ?" ಓಡುವಂತಿಲ್ಲ. ಕಾಲುಗಳ ನಡುವಿನಿಂದ ಅದನ್ನು ಹಿಂದಕ್ಕೆ ಕೊಟ್ಟುಬಿಡಬೇಕು, ಅದೇ ಸ್ನ್ಯಾಪ್. ನನ್ನ ಅಂಗಿಯ ಸಂಖ್ಯೆ 56. 50ರಿಂದ 79ರವರೆಗಿನ ಸಂಖ್ಯೆಯವರು ಮುಂದಕ್ಕೆ ಎಸೆದ ಪಾಸ್ ಹಿಡಿಯುವಂತೆಯೂ ಇಲ್ಲ.

ಹಿಂದಕ್ಕೆ ಕೊಡುವುದೊಂದೇ ಆಗಿದ್ದರೆ ಯಾರು ಬೇಕಾದರೂ ಮಾಡುತ್ತಿದ್ದರು. ಆದರೆ ಎರಡು ತಂಡಗಳ ನಡುವೆ ಚೆಂಡಿನ ಉದ್ದದಷ್ಟೇ ಜಾಗ, ಸುಮಾರು 28 ಸೆಂ.ಮೀ. ಅದರಾಚೆ ನನ್ನೆದುರಿಗೇ ನಿಲ್ಲುವ ಎದುರಾಳಿ, ನೋಸ್ ಗಾರ್ಡ್, ನಾಲ್ಕು ಕಾಲಿನ ಪ್ರಾಣಿಯಂತೆ ಬಗ್ಗಿ ನಿಂತಿರುತ್ತಾನೆ. ಚೆಂಡು ಅಲುಗಿದ ಕ್ಷಣವೇ ಎದೆಗೆ ನುಗ್ಗುತ್ತಾನೆ. ಸಾಲಿನ ಉಳಿದ ನಾಲ್ವರಿಗೆ ಎರಡೂ ಕೈ ಖಾಲಿ. ನನ್ನ ಬಲಗೈ ಮಾತ್ರ ಆಗ ಕಾಲುಗಳ ನಡುವೆ ಇರುತ್ತದೆ. ಎಡಗೈಯಿಂದ ಅವನನ್ನು ತಡೆದು, ಬಲಗೈ ಬರುವವರೆಗೆ ಹೇಗೋ ನಿಲ್ಲಬೇಕು. ಅಷ್ಟರಲ್ಲಿ ಮೊದಲ ಹೆಜ್ಜೆಯೂ ಬಿದ್ದಿರಬೇಕು. ಸ್ನ್ಯಾಪ್ ಮುಗಿಸಿ ಆಮೇಲೆ ಹೆಜ್ಜೆ ಇಡುತ್ತೇನೆ ಅಂದುಕೊಂಡ ದಿನ ನಾನು ಬೆನ್ನ ಮೇಲೆ ಬಿದ್ದು ಆಕಾಶ ನೋಡುತ್ತಿದ್ದೆ.

ನನ್ನ ದೊಡ್ಡ ಖಾಯಿಲೆ ಎಂದರೆ ಹೆದರಿಕೆ. ಎದುರಿನವನು ಬಲಶಾಲಿ ಎಂದು ಗೊತ್ತಾದರೆ ಚೆಂಡು ಬಿಡುವ ಮೊದಲೇ ಸೊಂಟ ಮೇಲೇಳುತ್ತಿತ್ತು. ಸೊಂಟ ಎದ್ದರೆ ಚೆಂಡೂ ಎತ್ತರಕ್ಕೆ ಹೋಗುತ್ತದೆ. ನನ್ನಿಂದ ಚೆಂಡು ಪಡೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಂತಿದ್ದರೆ ಅಷ್ಟು ಸಣ್ಣ ತಪ್ಪು ಅವನ ತಲೆಯ ಮೇಲೆ ಹಾದುಹೋಗಲು ಸಾಕು.

ಇದರ ಜೊತೆಗೆ ಬಾಯಿಯ ಕೆಲಸ ಬೇರೆ. ಎದುರಿನ ತಂಡದ ಮುಂಚೂಣಿ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ನಡುವಿನವನು, ಅಂದರೆ 'ಮೈಕ್', ಯಾರೆಂದು ಗುರುತಿಸಿ ಅವನ ಅಂಗಿಯ ಸಂಖ್ಯೆ ಸೇರಿಸಿ "52 ಮೈಕ್!" ಎಂದು ಕೂಗಬೇಕು. ಯಾರು ಯಾರನ್ನು ತಡೆಯಬೇಕೆಂದು ನಮ್ಮ ಸಾಲು ಅಲ್ಲಿಂದ ಎಣಿಸಿಕೊಳ್ಳುತ್ತದೆ. ನಾನು ತಪ್ಪು ಹೇಳಿದರೆ ಐವರೂ ಒಗ್ಗಟ್ಟಿನಿಂದ ತಪ್ಪು ಮಾಡುತ್ತೇವೆ.

ಬೇರೆ ಊರಿನ ಮೈದಾನದಲ್ಲಿ ಬ್ಯಾಂಡಿನ ಗದ್ದಲಕ್ಕೆ ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳುವುದೇ ಇಲ್ಲ. ಆಗ ಅವನು ಕಾಲೆತ್ತುತ್ತಾನೆ; ತಲೆ ಬಗ್ಗಿಸಿ ಹಿಂದೆ ನೋಡುತ್ತಿರುವ ನನ್ನ ಪಕ್ಕದ ಜೊತೆಗಾರ, ನಮ್ಮ ಗಾರ್ಡ್, ನನ್ನ ತೊಡೆ ತಟ್ಟುತ್ತಾನೆ; ನಾನು ಮನಸ್ಸಿನಲ್ಲೇ ಒಂದು ಎಣಿಸಿ ಸ್ನ್ಯಾಪ್ ಮಾಡುತ್ತೇನೆ. ಗದ್ದಲ ಏನು ಮಾಡಬಲ್ಲದು ಎಂಬುದನ್ನು 2014ರ ಫೆಬ್ರವರಿ 2ರಂದು ಟಿವಿಯಲ್ಲಿ ನೋಡಿದ್ದೆ. ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ ಮೊದಲ ಆಟದಲ್ಲೇ ಡೆನ್ವರ್‌ನ ಸೆಂಟರ್ ಮ್ಯಾನಿ ರಾಮಿರೆಜ್ ಸ್ನ್ಯಾಪ್ ಮಾಡಿಬಿಟ್ಟರು. ಅವರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಇನ್ನೂ ಏನೋ ಹೇಳಲು ಮುಂದೆ ಬರುತ್ತಿದ್ದರು. ಚೆಂಡು ಅವರನ್ನು ದಾಟಿ ಮೈದಾನದ ತುದಿಯಲ್ಲಿರುವ ಡೆನ್ವರ್‌ನದೇ ಎಂಡ್ ಝೋನ್‌ಗೆ ಹೋಗಿ, 12 ಸೆಕೆಂಡಿನಲ್ಲಿ ಎದುರಾಳಿ ಸಿಯಾಟಲ್‌ಗೆ ಎರಡು ಅಂಕ. ಕೊನೆಗೆ ಸಿಯಾಟಲ್ 43–8ರಿಂದ ಗೆದ್ದಿತು. ಅಂದು ಮನೆಯಲ್ಲಿ ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ಮುಂದಿನ ವರ್ಷ ಜಡಿಮಳೆಯಲ್ಲಿ ಅದನ್ನೇ ನಾನೂ ಮಾಡಿದೆ. ನಮ್ಮದೇ ಎಂಡ್ ಝೋನ್ ಹತ್ತಿರ, ಒರೆಸಿದರೂ ಜಾರುವ ಚೆಂಡು, ಎದುರಿಗೆ ನನಗಿಂತ ಇಪ್ಪತ್ತು ಕಿಲೋ ಹೆಚ್ಚು ತೂಕದ ಹುಡುಗ. ಸೊಂಟ ಮೊದಲು ಎದ್ದಿತು.

ಆ ಭಾನುವಾರದಿಂದ ಹಿತ್ತಲಲ್ಲಿ ಅಭ್ಯಾಸ ಶುರು. ಬಕೆಟ್ ನೀರಿನಲ್ಲಿ ಚೆಂಡು ಅದ್ದಿ, ದಿನಕ್ಕೆ ನೂರು ಸ್ನ್ಯಾಪ್. ಅಪ್ಪ ಮೊದಲ ದಿನ ವಿಕೆಟ್ ಕೀಪರ್ ಥರ ಕುಕ್ಕರುಗಾಲಲ್ಲಿ ಕೂತರು. "ಅಪ್ಪಾ, ಎದ್ದು ನಿಲ್ಲಿ, ನಿಮ್ ಹೊಟ್ಟೆಗೇ ಕೊಡ್ಬೇಕು" ಎಂದೆ. ಗುರಿ ಸಣ್ಣದೇನಲ್ಲ. ಎದುರಿಗೆ ನೋಸ್ ಗಾರ್ಡ್ ಬದಲು ಗೋಡೆಗೆ ಒರಗಿಸಿದ ಹಳೇ ಹಾಸಿಗೆ. ಪ್ರತಿ ಸಲವೂ ಬಿಟ್ಟ ಕೈಯಿಂದಲೇ ಅದನ್ನು ಗುದ್ದಬೇಕು. ಬೇಲಿಯಾಚೆ ಹಾರಿದ ಚೆಂಡು ತರಲು ಪಕ್ಕದ ಮನೆಯ ಬಾಗಿಲು ತಟ್ಟುವ ಕೆಲಸ ಅಪ್ಪನದು. ಮೂರನೇ ವಾರದ ಹೊತ್ತಿಗೆ ಅದು ತಪ್ಪಿತು.