ಕೆರೆ ಬಿಟ್ಟು ಹೊಲದಲ್ಲಿ ಮಲಗಿದ ಮೇಲೆ ಹೆಬ್ಬಾತು ಸಿಕ್ಕಿತು

ಶೀಗಿ ಹುಣ್ಣಿಮೆ ಮುಗಿಯಿತು. ಬಾಲ ಕುಣಿಸುವ ಪುಟ್ಟ ವಲಸೆ ಹಕ್ಕಿ ಕುಂಡೆಕುಸ್ಕಗಳು ಬಂದು ಆಗಲೇ ತಿಂಗಳಾಗುತ್ತಾ ಬಂತು. ಗದಗಿನ ನಮ್ಮ ಸ್ಟುಡಿಯೋ ಮಾಳಿಗೆ ಹತ್ತಿ ಸಂಜೆ ಹೊತ್ತು ಉತ್ತರದ ಕಡೆ ನೋಡುವ ಚಟ ಮತ್ತೆ ಶುರುವಾಗಿದೆ. ಏನೂ ಕಾಣುವುದಿಲ್ಲ ಅಂತ ಗೊತ್ತು. ಹೆಬ್ಬಾತು ಅನ್ನುವ ದೊಡ್ಡ ವಲಸೆ ಬಾತು ಬರುವುದು ನವೆಂಬರ್‌ನಲ್ಲಿ. ಆದರೂ ಕತ್ತು ತಾನೇ ಆ ಕಡೆ ಹೊರಳುತ್ತದೆ. ಕೆಳಗೆ ಗಿರಾಕಿ ಪಾಸ್‌ಪೋರ್ಟ್ ಫೋಟೋಕ್ಕೆ ಕಾಯುತ್ತಿರುತ್ತಾರೆ.

ಈ ಬಿಡುವಿನಲ್ಲಿ ಬರೆದುಬಿಡೋಣ ಅನ್ನಿಸಿತು. 2025ರ ಜನವರಿಯಲ್ಲಿ ತೆಗೆದ ಪಟ್ಟೆತಲೆ ಹೆಬ್ಬಾತಿನ ಫೋಟೋ ನೋಡಿದವರೆಲ್ಲ ಎರಡೇ ಮಾತು ಕೇಳಿದರು. ‘ಮಾಗಡಿ ಕೆರೆಯದಾ?’ ‘ಎಷ್ಟು ಕ್ರಾಪ್ ಮಾಡಿದ್ರಿ?’ ಅಂದರೆ ಹಕ್ಕಿ ಹತ್ತಿರ ಕಾಣಲಿ ಅಂತ ಫೋಟೋದ ಅಂಚು ಎಷ್ಟು ಕತ್ತರಿಸಿದ್ರಿ ಅಂತ. ಕೆರೆಯದಲ್ಲ. ಕ್ರಾಪೂ ಇಲ್ಲ. ಹಕ್ಕಿ ನನ್ನಿಂದ ಹನ್ನೆರಡು ಹೆಜ್ಜೆ ದೂರ ಇತ್ತು. ನಾನು ಕಡಲೆ ಹೊಲದಲ್ಲಿ ಗುಂಡಿ ತೋಡಿಸಿಕೊಂಡು ಅದರಲ್ಲಿ ಅಂಗಾತ, ಅಲ್ಲ, ಬೋರಲು ಮಲಗಿದ್ದೆ. ‘ಹಂಗೆಲ್ಲಾ ಆಗೂದಿಲ್ಲ ಬಿಡ್ರಿ’ ಅಂತ ಐದು ವರ್ಷ ನಕ್ಕವರೇ ಈಗ ಲೊಕೇಶನ್ ಕೇಳಿ ಫೋನ್ ಮಾಡುತ್ತಿದ್ದಾರೆ. ಲೊಕೇಶನ್ ಕೊಡುವುದಿಲ್ಲ. ಉಳಿದದ್ದು ಹೇಳುತ್ತೇನೆ.

ಮಾಗಡಿ ಅಂದರೆ ಬೆಂಗಳೂರು ಕಡೆಯ ಮಾಗಡಿ ಅಲ್ಲ. ಶಿರಹಟ್ಟಿ ತಾಲ್ಲೂಕಿನದು, ಗದಗಿನಿಂದ 26 ಕಿಲೋಮೀಟರ್. ನಿಮ್ಮಲ್ಲಿ ಬಹಳ ಜನ ಅಲ್ಲಿಗೆ ಬಂದವರೇ. ಏರಿ ಮೇಲೆ ನಿಂತರೆ ನಡುನೀರಲ್ಲಿ ಸಾವಿರಗಟ್ಟಲೆ ಹಕ್ಕಿ. ಒಂಬತ್ತು ಗಂಟೆ ದಾಟಿದರೆ ಝಳ ಏಳುತ್ತದೆ, ಫೋಟೋದಲ್ಲಿ ಹೆಬ್ಬಾತು ನೀರಲ್ಲಿ ಕಲಸಿದ ಬಣ್ಣದ ಹಾಗೆ ಬರುತ್ತದೆ. 2019ರಲ್ಲಿ ನಾನೂ ಅದನ್ನೇ ಮಾಡಿದೆ. ನಾಲ್ಕು ಸಾವಿರ ಫೋಟೋ ತೆಗೆದಿರಬೇಕು. ಒಂದನ್ನೂ ಫ್ರೇಮ್ ಹಾಕಿಸುವ ಹಾಗಿರಲಿಲ್ಲ. ಆ ವರ್ಷ ಮಳೆ ಜಾಸ್ತಿ, ಸುತ್ತಲಿನ ಕೆರೆಗಳೆಲ್ಲ ತುಂಬಿದ್ದವು, ಹಕ್ಕಿಗಳೂ ಅಲ್ಲಲ್ಲಿ ಹಂಚಿಹೋಗಿದ್ದವು ಅನ್ನುವುದು ನೆಪ. ಅಸಲು ಮಾತು ಅಂದರೆ ನಾನು ಅವು ನಿದ್ದೆ ಮಾಡುವ ಜಾಗದಲ್ಲಿ ಕಾಯುತ್ತಿದ್ದೆ. ಕೆರೆ ಅವುಗಳಿಗೆ ಹಗಲು ಮಲಗುವ ಮನೆ. ಊಟದ ಮನೆ ಹೊಲ.

ಇದು ತಿಳಿದ ಮೇಲೆ 2020ರಲ್ಲಿ ಆನ್‌ಲೈನ್‌ನಲ್ಲಿ ಒಂದು ಟೆಂಟು ತರಿಸಿದೆ. ಆರೂವರೆ ಸಾವಿರ. ಕಾಡಿನ ಹಸಿರು ಎಲೆ ಚಿತ್ರದ ಬಟ್ಟೆ. ಎರೆ ಹೊಲದ ಕಪ್ಪು ಮಣ್ಣಿನ ನಡುವೆ ಅದು ಮದುವೆ ಪೆಂಡಾಲಿನ ಹಾಗೆ ಎದ್ದು ಕಾಣುತ್ತಿತ್ತು. ಹಕ್ಕಿಗಳು ಬಂದವು, ಮೇಲೆ ಒಂದು ಸುತ್ತು ಹೊಡೆದವು, ಅರ್ಧ ಫರ್ಲಾಂಗ್ ಆಚೆ ಇಳಿದವು. ಹನ್ನೊಂದು ದಿನ ಬೆಳಗ್ಗೆ ಇದೇ ಕತೆ. ಈಗ ಆ ಟೆಂಟಿನಲ್ಲಿ ನಮ್ಮ ಅಳಿಯನ ಮಕ್ಕಳು ಆಡುತ್ತಾರೆ.

ಗುಂಡಿಯ ಐಡಿಯಾ ಬಂದದ್ದು ಹೊರದೇಶದ ಬಾತು ಬೇಟೆಗಾರರ ವಿಡಿಯೋ ನೋಡಿ. ಅವರು ಹೊಲದಲ್ಲೇ ಮಲಗಿ ಮೈಮೇಲೆ ಹುಲ್ಲು ಹೊದ್ದುಕೊಳ್ಳುತ್ತಾರೆ. ಬಂದೂಕಿನ ಬದಲು ಲೆನ್ಸ್ ಇಟ್ಟರೆ ಆಯಿತಲ್ಲ ಅಂತ ಲೆಕ್ಕ ಹಾಕಿದೆ. 2021ರ ದೀಪಾವಳಿ ಆದಮೇಲೆ ಇಬ್ಬರು ಆಳು ಹಚ್ಚಿ, ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಆಳ ತೋಡಿಸಿದೆ. ಸಾವಿರದ ಇನ್ನೂರೋ ಮುನ್ನೂರೋ ಕೂಲಿ. ಆ ನವೆಂಬರ್ ಮಳೆ ನಿಮಗೆಲ್ಲ ನೆನಪಿರಬೇಕು. ರಾಜ್ಯದ ತುಂಬಾ ಬೆಳೆ ಕೊಳೆಯಿತು. ನನ್ನ ಗುಂಡಿ ಬಾವಿಯಾಯಿತು. ಎರೆ ಮಣ್ಣಿನ ಗುಣ ಗೊತ್ತಲ್ಲ, ಒಣಗಿದರೆ ಕಲ್ಲು, ನೆನೆದರೆ ಅಂಟು. ಗೋಡೆ ಒಳಗೇ ಕುಸಿಯಿತು. ಹೊಲದ ಗೌಡರು ಬಂದು ನೋಡಿ, ‘ಫೋಟೋದವ್ರ, ಇದರಾಗ ಮೀನ ಬಿಡ್ರಿ’ ಅಂದರು.

2022ರದ್ದು ಹೇಳಲು ನಾಚಿಕೆ. ಮತ್ತೆ ಆ ವಿಡಿಯೋಗಳದ್ದೇ ಪ್ರಭಾವ. ಅವರು ಬೊಂಬೆ ಬಾತು ಇಟ್ಟು ನಿಜವಾದ ಬಾತನ್ನು ಇಳಿಸುತ್ತಾರೆ. ನಾನೂ ಥರ್ಮಾಕೋಲಿನಲ್ಲಿ ಹದಿನಾಲ್ಕು ಹೆಬ್ಬಾತು ಕೊರೆಸಿದೆ. ಬೋರ್ಡ್ ಬರೆಯುವ ಪೇಂಟರ್ ಹತ್ತಿರ ಬಣ್ಣ ಹಾಕಿಸಿದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರಬೇಕು ಅಂದರೆ ಒಂದಷ್ಟಕ್ಕೆ ಮೂರು ಎಳೆದಿದ್ದ, ವಿಭೂತಿ ಹಚ್ಚಿದ ಹಾಗೆ. ಒಟ್ಟು ನಾಲ್ಕು ಸಾವಿರದ ಮೇಲೆ ಖರ್ಚು. ಮೊದಲ ದಿನ ಇಬ್ಬನಿ ಬಿದ್ದು ಬೆಳಗಿನ ಬಿಸಿಲಿಗೆ ಹದಿನಾಲ್ಕೂ ಸ್ಟೀಲ್ ಪಾತ್ರೆಯಂತೆ ಮಿಂಚಿದವು. ಹೆಬ್ಬಾತು ಆ ಹೊಲದ ಮೇಲೆ ಹಾಯಲೇ ಇಲ್ಲ. ಎರಡನೇ ದಿನ ಗಾಳಿಗೆ ಐದು ಹಾರಿದವು. ಮೂರನೇ ದಿನ ಕುರಿಗಾರರ ನಾಯಿ ಒಂದನ್ನು ಕಚ್ಚಿಕೊಂಡು ಓಡಿತು. ಉಳಿದವು ನಮ್ಮ ಸ್ಟುಡಿಯೋ ಶೋಕೇಸಿನಲ್ಲಿವೆ. ಬಂದವರು ‘ಬಾತುಕೋಳಿ ಸಾಕೀರೇನ್ರಿ’ ಅಂತ ಕೇಳುತ್ತಾರೆ.

ಅದೇ ವರ್ಷ ಒಂದು ಒಳ್ಳೆಯದೂ ಆಯಿತು. ಹಾರಿಹೋದ ಥರ್ಮಾಕೋಲ್ ಹುಡುಕಿಕೊಂಡು ಹೋದಾಗ ಪಕ್ಕದ ಹೊಲದ ಅಜ್ಜ ಸಿಕ್ಕರು. ಎಂಬತ್ತರ ಆಸುಪಾಸು. ಒಂದು ಬಾತನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ವಯಸ್ಸಿನಲ್ಲಿ ಬಂದೂಕು ಹಿಡಿದು ಬಾತು ಹೊಡೆದವರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಆಮೇಲೆ ಬಿಟ್ಟರಂತೆ. ನಾನು ಯಾವ ದಿನ ಕೂರುತ್ತೇನೆ ಅಂತ ಕೇಳಿದರು. ಭಾನುವಾರ ಅಂದೆ. ಅಂಗಡಿ ರಜೆ ಅವತ್ತೇ ಅಲ್ವಾ. ಅಜ್ಜ ನಕ್ಕರು.

‘ತಮ್ಮಾ, ಹಕ್ಕಿಗೆ ಐತವಾರ ಎಲ್ಲಿಂದ ಬಂತು? ನೀ ಬಂದದ್ದು ಹುಣ್ಣಿಮಿ ಮಗ್ಗಲಾಗ. ಬೆಳದಿಂಗಳಿದ್ರ ಅವು ರಾತ್ರೀನ ಉಂಡು ಬರ್ತಾವು. ಹೊಟ್ಟಿ ತುಂಬಿದವ್ರು ಮುಂಜಾನೆ ಮತ್ಯಾಕ ಊಟಕ್ಕ ಬರ್ತಾರ?’

‘ಹಂಗಾರ ಯಾವಾಗ ಬರಬೇಕ್ರಿ ಅಜ್ಜಾರ?’

‘ಅಮಾಸಿ ಹಿಡದು ಬಾ. ಕತ್ತಲಾಗ ಅಂಜತಾವು. ಹಸದಿರ್ತಾವು. ಬೆಳಕ ಹರಿಯೂದ್ರಾಗ ಹೊಲಕ್ಕ ಬೀಳ್ತಾವು.’

ಮನೆಗೆ ಬಂದು ಹಳೆಯ ಫೋಟೋಗಳ ತಾರೀಖನ್ನು ಪಂಚಾಂಗದ ಪಕ್ಕ ಇಟ್ಟು ನೋಡಿದೆ. ಹೊಲದಲ್ಲಿ ಹಕ್ಕಿ ಕಂಡಿದ್ದ ಬೆಳಗ್ಗೆಗಳು ಒಂದೆರಡು ಬಿಟ್ಟರೆ ಎಲ್ಲ ಅಮಾವಾಸ್ಯೆಯ ಆಚೀಚೆಯವು. ಮೂರು ವರ್ಷ ನನ್ನ ಪೆಟ್ರೋಲ್ ಸುಟ್ಟದ್ದು ಈ ಒಂದು ಮಾತು ಗೊತ್ತಿರದೆ.

ಆದರೂ ನನಗೆ ಕಣ್ಣಾರೆ ನೋಡದೆ ಸಮಾಧಾನ ಇಲ್ಲ. ಕಣ್ಣಾರೆ ಅಲ್ಲ, ಕಿವಿಯಾರೆ. ಮನೆಯಲ್ಲಿ ಸ್ಕ್ರೀನ್ ಒಡೆದ ಮೊಬೈಲ್ ಇತ್ತು. ಅದಕ್ಕೆ ಪವರ್ ಬ್ಯಾಂಕ್ ಕಟ್ಟಿ, ಪ್ಲಾಸ್ಟಿಕ್ ಊಟದ ಡಬ್ಬಿಯಲ್ಲಿಟ್ಟು, ಬದುವಿನ ಮೇಲೆ ರಾತ್ರಿಯಿಡೀ ರೆಕಾರ್ಡಿಂಗ್ ಹಾಕಿದೆ. ಮೊದಲ ಸಲ ಇಲಿ ವೈರ್ ಕಡಿಯಿತು. ಎರಡನೇ ಸಲ ಹುಣ್ಣಿಮೆ ರಾತ್ರಿ ಸಿಕ್ಕಿತು. ಹತ್ತೂವರೆಯಿಂದ ‘ಆಂಗ್ ಆಂಗ್’ ಶುರು, ನಾಲ್ಕರವರೆಗೂ ಹೊಲದ ತುಂಬಾ ಅದೇ ಗದ್ದಲ, ಐದಕ್ಕೆ ಪೂರಾ ಸ್ತಬ್ಧ. ಅಮಾವಾಸ್ಯೆಯ ರಾತ್ರಿ ಹಾಕಿದ್ದರಲ್ಲಿ ಬರೀ ಜೀರುಂಡೆ, ದೂರದ ಪಂಪ್‌ಸೆಟ್ಟು. ಐದು ಮುಕ್ಕಾಲಿಗೆ ರೆಕ್ಕೆ ಸದ್ದು. ಅಜ್ಜನಿಗೆ ಕೇಳಿಸಿದೆ. ‘ಇದಕ್ಕ ಮೊಬೈಲ್ ಯಾಕ ಬೇಕಿತ್ತು?’ ಅಂದರು.

2023 ಬರದ ವರ್ಷ. ಬಿತ್ತಿದ್ದ ಕಡಲೆಯೇ ಸರಿಯಾಗಿ ಏಳಲಿಲ್ಲ, ನಾನೂ ಗುಂಡಿ ತೋಡಿಸಲಿಲ್ಲ. ಆ ಚಳಿಗಾಲದ ಕೊನೆಗೆ, 2024ರ ಜನವರಿ 31ಕ್ಕೆ, ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಜೊತೆಗೆ. ಒಳ್ಳೆಯದೇ. ಆದರೆ ಏರಿ ಮೇಲೆ ಟ್ರೈಪಾಡ್ ಊರಲು ಜಾಗ ಕಡಿಮೆಯಾಯಿತು. ನನಗೆ ಹೊಲವೇ ಗತಿ ಅಂತ ಆಗ ಪಕ್ಕಾ ಆಯಿತು.

2024ರಲ್ಲಿ ಎಲ್ಲ ತಪ್ಪುಗಳನ್ನೂ ಮುಂದಿಟ್ಟುಕೊಂಡು ಕೆಲಸ ಶುರು ಮಾಡಿದೆ. ಗುಂಡಿಯನ್ನು ಹೊಲದ ಮೂಡಣ ಬದಿಗೆ ತೋಡಿಸಿದೆ. ನಮ್ಮಲ್ಲಿ ಚಳಿಗಾಲದ ಗಾಳಿ ಮೂಡಣದಿಂದ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಅಂದರೆ ಮುಖ ನನ್ನ ಕಡೆ, ಎಳೆಬಿಸಿಲು ನನ್ನ ಬೆನ್ನಿಗೆ. ತೋಡಿದ ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕದೆ ಬುಟ್ಟಿಯಲ್ಲಿ ಹೊರಿಸಿ ಬದುವಿನುದ್ದಕ್ಕೂ ಹರಡಿಸಿದೆ. ಹೊಸ ಗುಡ್ಡೆ ಕಂಡರೆ ಹೆಬ್ಬಾತಿಗೆ ಸಂಶಯ. ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಹಳೆಯ ಗೋಣಿಚೀಲ, ಅದರ ಮೇಲೆ ಅದೇ ಹೊಲದ ಮಣ್ಣು. ಲೆನ್ಸ್ ಬರುವ ಕಂಡಿಯಲ್ಲಿ ಕಪ್ಪು ಬಣ್ಣ ಹಚ್ಚಿದ ಬಾಟಲಿ ಇಟ್ಟು ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಕಪ್ಪು ಕಣ್ಣೊಂದು ಅಲ್ಲಿರುತ್ತದೆ ಅಂತ ಅವುಗಳಿಗೆ ರೂಢಿಯಾಗಲಿ ಅಂತ.

ಕಾಳು ಚೆಲ್ಲಿ ಕರೆಯಲಿಲ್ಲ. ಹಕ್ಕಿ ಕೂಗು ಹಚ್ಚಲಿಲ್ಲ. ಅದು ಸುಲಭ, ಆದರೆ ಮಾಡಬೇಡಿ. ಗುಂಡಿಯೂ ಮೀಸಲು ಪ್ರದೇಶದ ಹೊರಗೆ, ಗೌಡರ ಸ್ವಂತ ಹೊಲದಲ್ಲಿ. ಸೀಸನ್ನಿಗೆ ಮೂರು ಸಾವಿರ ಕೊಟ್ಟೆ. ಮೊದಲು ಬೇಡ ಅಂದರು. ‘ಕಡ್ಲಿ ಕುಡಿ ಅವು ಚಿವುಟಿದ್ರ ನಮಗ ಕೂಲಿ ಉಳೀತು’ ಅಂತ ಚೇಷ್ಟೆ. ಗಿಡ ಕವಲೊಡೆಯಲಿ ಅಂತ ಕಡಲೆ ಕುಡಿಯನ್ನು ಹೇಗೂ ಚಿವುಟಿಸುತ್ತಾರೆ. ಕಾಯಿ ಕಟ್ಟಿದ ಮೇಲೆ ಹಿಂಡು ಬಿದ್ದರೆ ಆ ಚೇಷ್ಟೆ ಇರುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೊಟ್ಟೆ, ತಗೊಂಡರು.

ಯಾವ ಹೊಲಕ್ಕೆ ನಾಳೆ ಇಳಿಯುತ್ತವೆ ಅಂತ ಹಿಂದಿನ ಸಂಜೆಯೇ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಬರೆಯುವುದಿಲ್ಲ. ಅದು ಅಜ್ಜ ನನಗೊಬ್ಬನಿಗೇ ಹೇಳಿದ್ದು. ಎರಡು ಸಂಜೆ ಕೆರೆ ಬಿಟ್ಟು ಬೇರೆ ಕಡೆ ನಿಂತು ನೋಡಿ, ನಿಮಗೂ ಹೊಳೆಯಬಹುದು.

ಅಮಾವಾಸ್ಯೆ ಡಿಸೆಂಬರ್ 30. ಧನುರ್ಮಾಸ, ಮದುವೆ ಆರ್ಡರ್ ಇಲ್ಲ. ಇದಕ್ಕಿಂತ ಒಳ್ಳೆಯ ಯೋಗ ಇಲ್ಲ ಅಂತ ನಸುಕಿನ ಮೂರೂವರೆಗೆ ಹೋಗಿ ಗುಂಡಿ ಸೇರಿದೆ. ಹಕ್ಕಿ ಬಂತು, ಇಳಿಯುವಷ್ಟರಲ್ಲಿ ಚಕ್ಕಡಿ ಸದ್ದು. ಎಳ್ಳ ಅಮಾವಾಸ್ಯೆ ಅನ್ನುವುದೇ ನನ್ನ ತಲೆಯಲ್ಲಿ ಇರಲಿಲ್ಲ! ಪಂಚಾಂಗ ಮುಂದಿಟ್ಟುಕೊಂಡು ಕೂತವನು ಹಬ್ಬವನ್ನೇ ಮರೆತಿದ್ದೆ. ಹೊಲದ ಕೆಲಸ ಮುಂಚೆ ಮುಗಿಸೋಣ ಅಂತ ಗೌಡರ ಮನೆಯವರು ನಸುಕಿಗೇ ಬಂದಿದ್ದರು. ಹೊತ್ತು ಏರಿದ ಹಾಗೆ ಎಲ್ಲ ಹೊಲದಲ್ಲೂ ಜನ, ಚರಗ ಚೆಲ್ಲುವುದು ಅಂದರೆ ಭೂಮಿತಾಯಿಗೆ ಅಂತ ಅಡುಗೆಯನ್ನು ಹೊಲದ ತುಂಬಾ ಎರಚುವುದು, ‘ಹುಲ್ಲುಲ್ಲಿಗೋ’ ಕೂಗು. ಹೆಬ್ಬಾತು ಇರಲಿ, ಕಾಗೆಯೂ ಇಳಿಯಲಿಲ್ಲ. ನಾನು ಗುಂಡಿಯಿಂದ ಎದ್ದದ್ದು ನೋಡಿ ಒಬ್ಬ ಅಜ್ಜಿ ಕೈಯಲ್ಲಿದ್ದ ಬುಟ್ಟಿಯನ್ನೇ ಬಿಟ್ಟರು. ಆಮೇಲೆ ಅವರೇ ಕೂರಿಸಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಿದರು. ಫೋಟೋ ಸೊನ್ನೆ. ಊಟ ಭರ್ಜರಿ.

ಮರುದಿನವೂ ಹಕ್ಕಿ ಬರಲಿಲ್ಲ. ಜನವರಿ ಒಂದಕ್ಕೆ ದೂರ ಇಳಿದವು. ಎರಡನೇ ತಾರೀಖು, ಗುರುವಾರ.

ಆರು ಗಂಟೆಗೆ ಇನ್ನೂ ಮಬ್ಬು. ಕಡಲೆ ಗಿಡದ ಹುಳಿ ಇಬ್ಬನಿ ತೋಳಿಗೆ ಹತ್ತಿ, ತೊಗರಿ ಕಟ್ಟಿಗೆ ತರಚಿದ ಗಾಯವೆಲ್ಲ ಚುರುಚುರು ಅನ್ನುತ್ತಿತ್ತು. ತುಟಿಗೆ ಕೈ ತಾಗಿದರೆ ಬಾಯೆಲ್ಲ ಹುಳಿ. ಮೊದಲು ಕೇಳಿದ್ದು ಕೂಗಲ್ಲ, ಗಾಳಿ ಸೀಳುವ ಸದ್ದು, ಸರಿಯಾಗಿ ತಲೆಯ ಮೇಲೆ. ಆಮೇಲೆ ದಪ್ ದಪ್ ಅಂತ ಇಳಿದದ್ದು. ಅಲುಗಾಡಲಿಲ್ಲ. ಬೆಳಕು ಬರುವವರೆಗೆ ಕಣ್ಣು ಕೂಡ ಕಂಡಿಗೆ ಹಚ್ಚಲಿಲ್ಲ. ಏಳು ದಾಟಿದ ಮೇಲೆ ನೋಡುತ್ತೇನೆ, ಎಪ್ಪತ್ತೋ ಎಂಬತ್ತೋ ಹಕ್ಕಿ. ಹತ್ತಿರದ್ದು ಒಂದು ಕಡಲೆ ಕುಡಿಯನ್ನು ಕೊಕ್ಕಿನ ಪಕ್ಕದಿಂದ ಕಚ್ಚಿ ಜಗ್ಗುತ್ತಿತ್ತು. ಹಳದಿ ಕೊಕ್ಕು, ತುದಿಯಲ್ಲಿ ಕಪ್ಪು ಉಗುರಿನಂಥ ಚುಕ್ಕೆ, ಅದಕ್ಕೆ ಮೆತ್ತಿದ ಎರೆ ಮಣ್ಣು. ಕತ್ತಿನ ಗರಿ ಮಡಿಕೆ ಮಡಿಕೆಯಾಗಿ, ಬಾಚಣಿಗೆ ಎಳೆದ ಹಾಗೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿ ನನ್ನ ಮುಂದೆ ಗೌಡರ ಕಡಲೆ ಕದಿಯುತ್ತಿತ್ತು. ಎರಡು ಗಂಟೆ ಹೊತ್ತು, ಸುಮಾರು ಆರುನೂರು ಫೋಟೋ. ಕ್ಯಾಮೆರಾ ಸದ್ದು ಪೂರ್ತಿ ಬಂದ್ ಮಾಡಿದ್ದೆ. ಒಂಬತ್ತರ ಹತ್ತಿರ ತಾವಾಗಿಯೇ ಎದ್ದು ಕೆರೆಗೆ ಹೋದವು. ಅವು ಹೋದ ಮೇಲೂ ಅರ್ಧ ಗಂಟೆ ನಾನು ಏಳಲಿಲ್ಲ. ಗುಂಡಿಯಿಂದ ಮನುಷ್ಯ ಏಳುವುದನ್ನು ಅವು ಒಂದು ಸಲ ಕಂಡರೆ ಆ ಗುಂಡಿ ಮುಗಿಯಿತು ಅಂತಲೇ ತಿಳಿಯಿರಿ. ನಿಜ ಹೇಳಬೇಕೆಂದರೆ ಕಾಲೂ ಜೋಮು ಹಿಡಿದಿತ್ತು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಸೆಕೆಂಡ್ ಹ್ಯಾಂಡ್ ಲೆನ್ಸ್ ಎಪ್ಪತ್ತು ಸಾವಿರ. ಟೆಂಟು, ಥರ್ಮಾಕೋಲು, ಗುಂಡಿ ಕೂಲಿ, ಗೌಡರಿಗೆ ಕೊಟ್ಟದ್ದು ಸೇರಿ ಇಪ್ಪತ್ತು ಸಾವಿರ. ಪೆಟ್ರೋಲ್ ಹದಿನೈದು ಸಾವಿರ ಹಿಡಿಯಿರಿ. 2020ರಲ್ಲಿ ತುಳಸಿ ಲಗ್ನದ ನಂತರದ ಒಂದು ಮದುವೆ ಆರ್ಡರ್ ಬಿಟ್ಟೆ, ಅದು ಇಪ್ಪತ್ತೈದು ಸಾವಿರ. ಅದನ್ನು ಮನೆಯವಳು ಇವತ್ತಿಗೂ ಮರೆತಿಲ್ಲ. ಆದಾಯ ಅಂದರೆ ಒಂದು ಕ್ಯಾಲೆಂಡರಿನವರು ಎರಡು ಸಾವಿರ ಕೊಟ್ಟರು. ಅಜ್ಜನಿಗೆ ದೊಡ್ಡ ಪ್ರಿಂಟ್ ಹಾಕಿಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ‘ಇಷ್ಟ ಹತ್ತಿರ ನಾನೂ ಕಂಡಿದ್ದಿಲ್ಲ’ ಅಂದರು.

ಈ ವರ್ಷ, 2025ರಲ್ಲಿ, ಎಳ್ಳ ಅಮಾವಾಸ್ಯೆ ಡಿಸೆಂಬರ್ 19ಕ್ಕಿದೆ. ಅವತ್ತು ಊಟಕ್ಕೆ ಹೋಗುತ್ತೇನೆ, ಫೋಟೋಕ್ಕೆ ಎರಡು ದಿನ ಬಿಟ್ಟು. ಗೌಡರು ನಿನ್ನೆ ಫೋನ್ ಮಾಡಿದ್ದರು. ಕಡಲೆ ಬಿತ್ತನೆ ಶುರುವಂತೆ. ಗುಂಡಿ ಜಾಗ ಬಿಟ್ಟು ಕೂರಿಗೆ ಹೊಡಿಸಲಾ ಅಂತ ಕೇಳಿದರು. ಎಂಟು ಅಡಿ ಬಿಡಿ ಅಂದಿದ್ದೇನೆ. ಈ ಸಲ ಪಕ್ಕದಲ್ಲಿ ಚಹಾ ಫ್ಲಾಸ್ಕ್ ಇಡಲು ಜಾಗ ಬೇಕು.