ಲಂಡನ್ನಿನಲ್ಲಿ ಮುಂಗಡ ಕೊಡುವವರು ನೀವೇ

ಈ ಸಲ ರಜೆಗೆ ಉಡುಪಿಗೆ ಬಂದಾಗ ರಥಬೀದಿ ಒಂದು ಸುತ್ತು ಹಾಕುವಷ್ಟರಲ್ಲಿ ಮೂವರು ಸಿಕ್ಕಿದರು. ಒಬ್ಬ ಅನಿಮೇಷನ್, ಒಬ್ಬ ಸೌಂಡ್, ಒಬ್ಬಳು ಚಿತ್ರ ಬರೆಯುವವಳು. ಮೂವರೂ ಲಂಡನ್ನಿಗೆ ಹೊರಟವರು.

ಹೋಗಲಿ, ಒಳ್ಳೆಯದೇ. ಸಿನಿಮಾ, ಗೇಮ್ಸ್, ಜಾಹೀರಾತು, ಡಿಸೈನ್ ಎಲ್ಲವನ್ನೂ ಸೇರಿಸಿ ಒಂದು ಉದ್ಯಮ ಅಂತ ಬ್ರಿಟನ್ ಸರ್ಕಾರ 1998ರಲ್ಲೇ ಲೆಕ್ಕ ಹಾಕಿತು. ಈಗ ಅದು ವರ್ಷಕ್ಕೆ 12,000 ಕೋಟಿ ಪೌಂಡ್ ದಾಟಿದೆ. ಆದರೆ ಅಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸ್ವಂತ ಲೆಕ್ಕದಲ್ಲಿ ಕೆಲಸ ಮಾಡುವ ಫ್ರೀಲಾನ್ಸರ್‌ಗಳು. ಗುಂಡಿ ಇರುವುದು ಅಲ್ಲೇ.

ನಮ್ಮಲ್ಲಿ ಕಂಪನಿಯವರು ತೆರಿಗೆಗೆ ಅಂತ ನೂರಕ್ಕೆ ಹತ್ತು ಮೊದಲೇ (ಟಿಡಿಎಸ್) ಮುರಿದು ಉಳಿದದ್ದು ಕೊಡುತ್ತಾರೆ. ಅಲ್ಲಿ ಬಿಲ್ಲಿನ ಪೂರ್ತಿ ದುಡ್ಡು ಖಾತೆಗೆ ಬರುತ್ತದೆ. ನನಗೂ ಬಂತು. ಲ್ಯಾಪ್‌ಟಾಪ್ ಕೊಂಡೆ, ಅಮ್ಮನಿಗೆ ಕಳಿಸಿದೆ. ಏಪ್ರಿಲ್ 6ಕ್ಕೆ ಶುರುವಾಗುವ ತೆರಿಗೆ ವರ್ಷ ಮುಗಿದ ಮೇಲೂ, ಮುಂದಿನ ಜನವರಿ 31ರವರೆಗೆ ತೆರಿಗೆ ಕಟ್ಟಲು ಸಮಯ ಇದೆ. ನನ್ನ ಲೆಕ್ಕ 4,000 ಪೌಂಡ್. ಅಷ್ಟನ್ನು ಎತ್ತಿಟ್ಟಿದ್ದೆ. ಕಂಪ್ಯೂಟರ್ ತೋರಿಸಿದ್ದು 6,000! ಮುಂದಿನ ವರ್ಷದ ತೆರಿಗೆಯೂ ಇಷ್ಟೇ ಅಂತ ಹಿಡಿದು, ಅದರಲ್ಲಿ ಅರ್ಧ ಈಗಲೇ ಕಟ್ಟಬೇಕಂತೆ, ಇನ್ನರ್ಧ ಜುಲೈ 31ಕ್ಕೆ. ಹೆಸರು ‘ಪೇಮೆಂಟ್ಸ್ ಆನ್ ಅಕೌಂಟ್’. ಯಕ್ಷಗಾನದಲ್ಲಿ ತಿರುಗಾಟಕ್ಕೆ ಮುಂಚೆ ಕಲಾವಿದ ಮೇಳದ ಯಜಮಾನರಿಂದ ಮುಂಗಡ ತಗೊಳ್ಳುವುದುಂಟು. ಇಲ್ಲಿ ಕಲಾವಿದನೇ ಮುಂಗಡ ಕೊಡಬೇಕು ಮಾರಾಯ್ರೆ. ರೂಮ್‌ಮೇಟ್ ಹತ್ತಿರ 2,000 ಸಾಲ ಮಾಡಿದೆ.

ಬಾಕಿ 1,000 ಪೌಂಡ್‌ಗಿಂತ ಕಡಿಮೆ ಇದ್ದರೆ, ಇಲ್ಲವೇ ತೆರಿಗೆಯ ಶೇ. 80ಕ್ಕಿಂತ ಜಾಸ್ತಿ ಸಂಬಳದಲ್ಲೇ ಮುರಿದಿದ್ದರೆ ಈ ಮುಂಗಡ ಇಲ್ಲ. ಮುಂದಿನ ವರ್ಷ ಕೆಲಸ ಕಡಿಮೆ ಅಂತ ಗೊತ್ತಿದ್ದರೆ ಇಳಿಸಿ ಅಂತ ಕೇಳಬಹುದು. ಸುಮ್ನೆ ಇಳಿಸಬೇಡಿ, ಗಳಿಕೆ ಇಳಿಯದಿದ್ದರೆ ಬಡ್ಡಿ ಬೀಳುತ್ತದೆ. ನಾನಂತೂ ಈಗ ಪ್ರತಿ ಬಿಲ್ಲಿನ ಮೂರನೇ ಒಂದು ಪಾಲು ಬೇರೆ ಖಾತೆಗೆ ಹಾಕಿ, ಅದರ ಕಾರ್ಡು ಹೆಂಡತಿ ಕೈಗೆ ಕೊಟ್ಟಿದ್ದೇನೆ.

ಅಲ್ಲಿನ ಫಾರ್ಮ್ ತುಂಬುವುದು ಸುಲಭ, ಒಪ್ಪುತ್ತೇನೆ. ಆದರೂ ಹೊಸಬರಿಗೆ ನಮ್ಮ ಟಿಡಿಎಸ್ಸೇ ಲಾಯ್ಕು. ಮುಂಗಡ ತೆರಿಗೆ ನಮ್ಮಲ್ಲೂ ಇದೆ, ಆದರೆ ಸಾಮಾನ್ಯವಾಗಿ ನಾಲ್ಕು ಕಂತು. ಒಂದೇ ಏಟಿಗೆ ಒಂದೂವರೆ ಪಟ್ಟು ಕೇಳುವುದಿಲ್ಲ.

ಅಂದ ಹಾಗೆ, ಕೆಲಸ ಶುರು ಮಾಡಿದ ತೆರಿಗೆ ವರ್ಷ ಮುಗಿದ ಮೇಲಿನ ಅಕ್ಟೋಬರ್ 5ರೊಳಗೆ ಅಲ್ಲಿನ ತೆರಿಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಿ.

ಚಿತ್ರ ಬರೆಯುವ ಹುಡುಗಿ ಓದಲು ಹೊರಟವಳು. “ಅಣ್ಣಾ, ಬಿಡುವಲ್ಲಿ ಸಣ್ಣಪುಟ್ಟ ಆರ್ಡರ್ ತಗೊಳ್ಬಹುದಲ್ವಾ?” ಅಂದಳು. ಬೇಡವೇ ಬೇಡ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಲೆಕ್ಕದ ಕೆಲಸ ಮಾಡುವ ಹಾಗಿಲ್ಲ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಸಿಕ್ಕ ಮೇಲೆ ಮಾಡಬಹುದು. ಮುಖ ಸಪ್ಪಗೆ ಮಾಡಿದಳು. ಮೂವರಿಗೂ ಗೋಳಿಬಜೆ ಕೊಡಿಸಿದೆ.