ಕುಮಾರ ಪರ್ವತದ ದಾರಿಯಲ್ಲಿ ಮಳೆ ಹಿಡಿದರೆ: ಗುಂಪು ಚಾರಣಕ್ಕೆ ಹೊರಡುವವರ ಸಿದ್ಧತೆ

ಪಶ್ಚಿಮ ಘಟ್ಟದಲ್ಲಿ ಗುಂಪು ಚಾರಣಗಳು ಅರ್ಧಕ್ಕೆ ಕೆಡಲು ಮಳೆಗಿಂತ ಹೆಚ್ಚಾಗಿ ಕಾರಣವಾಗುವುದು ತೀರ್ಮಾನದ ಗೊಂದಲ. ಯಾರ ಮಾತು ನಡೆಯಬೇಕು, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬುದು ಊರಿನಲ್ಲೇ ನಿಶ್ಚಯವಾಗಿರದಿದ್ದರೆ, ಮೊದಲ ಜೋರು ಮಳೆಗೆ ಗುಂಪು ಎರಡು ಮೂರು ಪಾಲಾಗುತ್ತದೆ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಏರುವ ದಾರಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಿದ್ಧತೆಯನ್ನು ವಿವರಿಸಲಾಗಿದೆ.

ಮೊದಲ ಕೆಲಸ ದಿನ ಗೊತ್ತುಮಾಡುವುದು. ಮುಂಗಾರಿನಲ್ಲಿ ಈ ದಾರಿ ಚಾರಣಿಗರಿಗೆ ಮುಚ್ಚಿರುತ್ತದೆಯಾದ್ದರಿಂದ ಹೆಚ್ಚಿನವರು ಮೋಸಹೋಗುವುದು ಅದು ತೆರೆದ ಮೇಲೆ. ಅಕ್ಟೋಬರ್‌ನ ಚಿತ್ತೆ, ಸ್ವಾತಿ ಮಳೆಗಳು ಬೆಳಿಗ್ಗೆ ಸುಳಿವು ಕೊಡದೆ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಸುರಿಯುತ್ತವೆ. ಏಪ್ರಿಲ್, ಮೇ ತಿಂಗಳ ಮಳೆಯೂ ಇದೇ ಜಾತಿಯದು. ಬೆಟ್ಟದ ಬುಡ ದಕ್ಷಿಣ ಕನ್ನಡದಲ್ಲಿ, ತುದಿ ಕೊಡಗಿನಲ್ಲಿ ಇರುವುದರಿಂದ ಹವಾಮಾನ ಇಲಾಖೆ ಎರಡೂ ಜಿಲ್ಲೆಗಳಿಗೆ ಕೊಟ್ಟಿರುವ ಮುನ್ನೆಚ್ಚರಿಕೆಯನ್ನು ಹೊರಡುವ ಹಿಂದಿನ ದಿನ ನೋಡಬೇಕು. ಯಾವುದಾದರೂ ಒಂದಕ್ಕೆ ಆರೆಂಜ್ ಅಲರ್ಟ್ ಇದ್ದರೂ ಚಾರಣವನ್ನು ಮುಂದೂಡುವುದು ಲೇಸು. ಬಸ್ಸಿನ ಟಿಕೆಟ್ ಹಣ ಹೋಗುತ್ತದೆಂಬ ವಾದ ಆಗ ಗುಂಪಿನಲ್ಲಿ ಖಂಡಿತ ಏಳುತ್ತದೆ, ಅದಕ್ಕೆ ಕಿವಿಗೊಡಬೇಕಾಗಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಪ್ರತಿಯೊಬ್ಬರ ಹೆಸರಿನಲ್ಲಿಯೂ ಮೊದಲೇ ಪಡೆದಿರಬೇಕು.

ಗುಂಪಿಗೆ ಒಬ್ಬ ಮುಂದಾಳು, ಒಬ್ಬ ಹಿಂಗಾವಲಿನವರು ಇರಬೇಕು. ಹಿಂಗಾವಲಿನವರನ್ನು ಬಿಟ್ಟು ಯಾರೂ ಹಿಂದೆ ಉಳಿಯಕೂಡದು, ಮುಂದಾಳನ್ನು ದಾಟಿ ಯಾರೂ ಹೋಗಕೂಡದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದಾಳಿನ ಬೆನ್ನಿಗೇ ಬಿಟ್ಟು, ಅವರ ನಡಿಗೆಯನ್ನೇ ಗುಂಪಿನ ನಡಿಗೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಹುರುಪಿನ ಹುಡುಗರಿಗೆ ಇದು ಬೇಸರ ತರಿಸುತ್ತದೆ, ಆದರೆ ದಾರಿಯ ನಡುವೆ ಸಿಗುವ ಗಿರಿಗದ್ದೆಯಿಂದ ಮೇಲಿನ ಹುಲ್ಲುಗಾವಲಿನಲ್ಲಿ ಮಂಜು ಕವಿದು ಹತ್ತು ಹೆಜ್ಜೆ ಮುಂದಿನವರು ಕಾಣದಂತಾದಾಗ ಈ ಕ್ರಮದ ಬೆಲೆ ತಿಳಿಯುತ್ತದೆ.

ಸಾಮಾನಿನ ವಿಷಯದಲ್ಲಿ, ವಾಟ್ಸಾಪ್‌ನಲ್ಲಿ ‘ರೈನ್‌ಕೋಟ್ ತನ್ನಿ’ ಎಂದು ಬರೆದು ಕೈತೊಳೆದುಕೊಳ್ಳದೆ, ಹೊರಡುವ ಮುನ್ನ ಪ್ರತಿಯೊಬ್ಬರ ಚೀಲ ತೆರೆಸಿ ನೋಡುವುದು ಮುಂದಾಳಿನ ಕರ್ತವ್ಯ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಕೋಟು ಮೊದಲ ಮುಳ್ಳುಕಂಟಿಗೆ ಕಂಕುಳಿನಿಂದ ಸೊಂಟದವರೆಗೆ ಸೀಳುತ್ತದೆ. ಜೀನ್ಸ್ ಒಮ್ಮೆ ನೆಂದರೆ ಭಾರವಾಗಿ ಮೊಣಕಾಲಿಗೆ ಅಂಟಿಕೊಂಡು, ದಿನವಿಡೀ ಒಣಗುವುದಿಲ್ಲ. ಬೇಗ ಒಣಗುವ ಬಟ್ಟೆ, ಅಡಿಯ ಗೀರು ಸವೆಯದ ಬೂಟು, ತಲೆಗೊಂದು ಟಾರ್ಚ್, ಸೀಟಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಜೊತೆ ಒಣ ಬಟ್ಟೆ ಮತ್ತು ಟೋಪಿ, ಬೆಲ್ಲ ಅಥವಾ ಚಿಕ್ಕಿ ಎಲ್ಲರಲ್ಲೂ ಇರಲೇಬೇಕು. ಆ ಒಣ ಬಟ್ಟೆಯನ್ನು ನಡೆಯುವಾಗ ಹಾಕಿಕೊಳ್ಳದೆ ಕಡೆಯವರೆಗೂ ಕಾಯ್ದಿರಿಸಬೇಕು. ಇಂಬಳಗಳಿಗೆ ಉಪ್ಪು ಅಥವಾ ಸುಣ್ಣ ಬೆರೆಸಿದ ಹೊಗೆಸೊಪ್ಪು ಸಾಕು. ಅವು ಕಚ್ಚಿದ ಜಾಗದಲ್ಲಿ ರಕ್ತ ಬಹಳ ಹೊತ್ತು ಜಿನುಗಿದರೂ ಗಾಬರಿಪಡುವಂಥದ್ದಲ್ಲ.

ಹಿಂದಿರುಗುವ ವೇಳೆಯನ್ನು ಗಡಿಯಾರಕ್ಕೆ ಕಟ್ಟಬೇಕು. ಹೋಗಿಬರುವ ದಾರಿ ಇಪ್ಪತ್ತು ಕಿಲೋಮೀಟರ್ ದಾಟುವುದರಿಂದ ಮತ್ತು ಪಾಚಿಗಟ್ಟಿದ ಬಂಡೆ, ಒದ್ದೆ ಬೇರುಗಳ ಮೇಲೆ ಇಳಿಯಲು ಹೆಚ್ಚುಕಡಿಮೆ ಹತ್ತಿದಷ್ಟೇ ಹೊತ್ತು ಹಿಡಿಯುವುದರಿಂದ, ಒಂದೇ ದಿನದಲ್ಲಿ ಮುಗಿಸುವವರು ನಸುಕಿನಲ್ಲೇ ಏರತೊಡಗಿ, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೆ ಅಲ್ಲಿಂದ ಇಳಿಯತೊಡಗಬೇಕು. ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಆರರ ಆಸುಪಾಸಿಗೆ ಮುಳುಗುತ್ತಾನಾದರೂ ಗಿರಿಗದ್ದೆಯಲ್ಲಿರುವ ಭಟ್ಟರ ಮನೆಯಿಂದ ಕೆಳಗಿನ ದಟ್ಟ ಕಾಡಿನೊಳಗೆ ಕತ್ತಲು ಅದಕ್ಕೂ ಮೊದಲೇ ಇಳಿದಿರುತ್ತದೆ. ತುದಿಗೂ ಮೊದಲು ಸಿಗುವ ಶಿಖರವಾದ ಶೇಷ ಪರ್ವತ ತಲುಪಿದವರಿಗೆ ತುದಿ ಎದುರಿಗೇ ಕಾಣುವುದರಿಂದ ‘ಇನ್ನೊಂದು ಗಂಟೆ’ ಎಂಬ ಒತ್ತಾಯ ಶುರುವಾಗುವುದೂ ಅಲ್ಲಿಯೇ. ನಡುವೆ ಇಳಿದು ಶೋಲಾ ಕಾಡು (ಬೆಟ್ಟದ ತಗ್ಗಿನಲ್ಲಿ ಬೆಳೆಯುವ ದಟ್ಟ ಕಾಡು) ದಾಟಿ, ನೀರು ಹರಿಯುವ ಬಂಡೆ ಹತ್ತಬೇಕೆಂಬುದನ್ನು ಮುಂದಾಳು ಆಗ ನೆನಪಿಸಬೇಕು.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಕೂಡಲೇ ಬೋಳುಗುಡ್ಡದ ಏಣಿನಿಂದ ತಗ್ಗಿಗೆ ಇಳಿಯಬೇಕು. ದಾರಿಯಲ್ಲಿ ಸಿಗುವ ಕಲ್ಲು ಮಂಟಪ ಮಳೆಗೆ ಆಸರೆಯಾದೀತು, ಸಿಡಿಲಿಗೆ ಆಗದು. ಒಂಟಿ ಮರವಂತೂ ಬೇಡವೇ ಬೇಡ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿ, ತರಗೆಲೆ, ಕಡ್ಡಿಗಳನ್ನು ಹೊತ್ತು ಬರತೊಡಗಿದರೆ ಮೇಲೆ ಜೋರು ಮಳೆಯಾಗಿದೆ ಎಂದು ತಿಳಿದು ದಾಟದೆ ನಿಲ್ಲಬೇಕು. ಮಳೆ ನಿಂತರೆ ಸಣ್ಣ ತೊರೆಗಳು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ.

ನಮ್ಮ ಕಡೆಯವರು ಕಡೆಗಣಿಸುವ ಅಪಾಯವೆಂದರೆ ಚಳಿ. ತುದಿಯ ಗಾಳಿ ಕುಕ್ಕೆಗಿಂತ ಎಂಟು ಹತ್ತು ಡಿಗ್ರಿ ತಂಪಾಗಿರುತ್ತದೆ. ಒದ್ದೆ ಬಟ್ಟೆಗೆ ಆ ಗಾಳಿ ಬಡಿದರೆ ಮೈಯ ಬಿಸಿ ವೇಗವಾಗಿ ಇಳಿಯುತ್ತದೆ. ತಮಾಷೆ ಮಾಡುತ್ತಿದ್ದವರು ಮಾತು ನಿಲ್ಲಿಸುವುದು, ಚೀಲದ ಜಿಪ್ ಎಳೆಯಲು ಬೆರಳು ಬಾರದಿರುವುದು, ನಾಲಿಗೆ ತೊದಲುವುದು, ಸಮತಟ್ಟು ನೆಲದಲ್ಲೂ ಎಡವುವುದು ಇದರ ಲಕ್ಷಣಗಳು. ಹಾಗಾದವರನ್ನು ಗಾಳಿಯ ಮರೆಗೆ ಕರೆತಂದು, ನಾಚಿಕೆ ಬಿಡಿಸಿ ಒದ್ದೆ ಬಟ್ಟೆಯನ್ನೆಲ್ಲ ತೆಗೆಸಿ, ಕಾಯ್ದಿರಿಸಿದ ಒಣ ಬಟ್ಟೆ, ಟೋಪಿ ಹಾಕಿಸಿ, ಚೀಲದ ಮೇಲೆ ಕೂರಿಸಿ, ಇಬ್ಬರು ಒತ್ತಾಗಿ ಕುಳಿತು ಬೆಚ್ಚಗಿಡಬೇಕು. ನುಂಗುವಷ್ಟು ಎಚ್ಚರವಿದ್ದರೆ ಬೆಲ್ಲ, ಬಿಸಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕುವುದಾಗಲಿ, ಮದ್ಯ ಕೊಡುವುದಾಗಲಿ ಕೂಡದು.

ದಾರಿ ತಪ್ಪಿದೆ ಎನಿಸಿದ ಕ್ಷಣವೇ ಎಲ್ಲರೂ ನಿಲ್ಲಬೇಕು. ಹುಡುಕಲು ಒಬ್ಬೊಬ್ಬರಾಗಿ ಚದುರಕೂಡದು. ಸಿಗ್ನಲ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುವುದರಿಂದ, ಮೊದಲೇ ಇಳಿಸಿಕೊಂಡ ನಕ್ಷೆಯಲ್ಲಿ ನಿಂತ ಜಾಗ ನೋಡಿಕೊಂಡು, ನೆಟ್‌ವರ್ಕ್ ಸಿಕ್ಕಲ್ಲಿ 112ಕ್ಕೆ ಕರೆ ಮಾಡಬಹುದು. ಸೀಟಿಯನ್ನು ಮೂರು ಮೂರು ಬಾರಿ ಬಿಟ್ಟುಬಿಟ್ಟು ಊದುತ್ತಿರಬೇಕು. ಇಷ್ಟು ಹೊತ್ತಿಗೆ ಫೋನ್ ಬಾರದಿದ್ದರೆ ವಿಚಾರಿಸಿ ಎಂದು ಊರಿನಲ್ಲಿ ಒಬ್ಬರಿಗೆ ಹೇಳಿಟ್ಟಿದ್ದರೆ, ಕೆಳಗಿಳಿದು ತಲೆ ಎಣಿಸಿ, ಚೆಕ್‌ಪೋಸ್ಟಿನಲ್ಲಿ ತಿಳಿಸಿದ ಕೂಡಲೇ ಅವರಿಗೂ ಕರೆ ಮಾಡತಕ್ಕದ್ದು.